ಹತ್ತಿದ ಜಾಗಕ್ಕೆ ವಾಪಸ್

ನಮ್ಮ ಮಂಡ್ಯ ಜಿಲ್ಲೆಯ ಕೊಪ್ಪದ ಕಡೆ ಬೆಳಗಿನ ಹೊತ್ತು ಹೆಂಗಸೊಬ್ಬಳು ಓಡುತ್ತಿದ್ದರೆ ಬಸ್ಸು ತಪ್ಪಿರಬೇಕು, ಇಲ್ಲ ಯಾರಿಗೋ ಏನೋ ಆಗಿರಬೇಕು. ಅದರ ಮೇಲೆ ನಾನು ಆಸ್ಪತ್ರೆಯ ನರ್ಸು. ನಾನು ಓಡಿದರೆ ಯಾರಿಗೋ ಹೆರಿಗೆ ನೋವು ಬಂದಿದೆ ಅಂತಲೇ ಅರ್ಥ. ನಲವತ್ತಾರನೇ ವಯಸ್ಸಿಗೆ ಸಕ್ಕರೆ ಕಾಯಿಲೆ ಅಂಟಿಕೊಂಡ ಮೇಲೆ ನಾಲೆ ಏರಿಯಲ್ಲಿ ಓಡಲು ಶುರು ಮಾಡಿದೆ. ಮೊದಲನೇ ದಿನವೇ, ಹಾಲಿನ ಕ್ಯಾನು ಕಟ್ಟಿಕೊಂಡು ಡೇರಿಗೆ ಹೊರಟಿದ್ದ ನಮ್ಮ ಚಿಕ್ಕಮಾವ ಬೈಕು ನಿಲ್ಲಿಸಿದರು.

"ಯಾಕವ್ವ ಓಡ್ತಾ ಇದ್ದೀಯೆ? ಯಾರಿಗೇನಾಯ್ತು? ಗಾಡಿ ಅತ್ತು."

"ಏನೂ ಇಲ್ಲ ಮಾವ, ಸುಮ್ಕೆ ಓಡ್ತಾವ್ನಿ."

"ಸುಮ್ಕೆ ಯಾರವ್ವ ಓಡ್ತಾರೆ? ಅತ್ತು ಅಂದ್ರೆ ಅತ್ತು."

ನಮ್ಮಲ್ಲಿ ಕರೆದವರ ಗಾಡಿ ಹತ್ತದಿದ್ದರೆ ಅವರ ಜೊತೆ ಮಾತು ಬಿಟ್ಟ ಹಾಗೆ. ಒಂದು ಸಲ ಬೇಡ ಅಂದಿದ್ದಕ್ಕೆ ಪಕ್ಕದ ಮನೆಯವರು ಮೂರು ವಾರ ಮುಖ ತಿರುಗಿಸಿಕೊಂಡು ಓಡಾಡಿದರು. ಡ್ಯೂಟಿ ಮುಗಿಸಿ ಬಂದವಳಿಗೆ ಮುನಿಸು ತೀರಿಸುವಷ್ಟು ಕಸುವು ಎಲ್ಲಿಂದ ಬರಬೇಕು? ಅದಕ್ಕೇ ಒಂದು ದಾರಿ ಕಂಡುಕೊಂಡೆ. ಕರೆದವರ ಗಾಡಿ ಹತ್ತುವುದು, ಮುಂದಿನ ತೂಬಿನ ಹತ್ತಿರ ಏನೋ ನೆಪ ಹೇಳಿ ಇಳಿಯುವುದು, ಅವರು ಮರೆಯಾದ ಮೇಲೆ ಹತ್ತಿದ ಜಾಗಕ್ಕೆ ವಾಪಸ್ ನಡೆದು ಅಲ್ಲಿಂದ ಮತ್ತೆ ಓಡುವುದು. ಇದು ಗೊತ್ತಿದ್ದದ್ದು ನನ್ನ ಗಂಡನಿಗೆ ಮಾತ್ರ. "ನಿನ್ನಂತ ದಡ್ಡಿ ಈ ಓಬ್ಳೀಲೇ ಇಲ್ಲ ಕಣಮ್ಮಿ" ಅಂತ ನಗುತ್ತಿದ್ದರು.

ನಮ್ಮ ಆಸ್ಪತ್ರೆಯ ಡಾಕ್ಟರೊಬ್ಬರು ಮಂಡ್ಯದಲ್ಲಿ ಓಡುವವರ ಗುಂಪು ಕಟ್ಟಿಕೊಂಡಿದ್ದರು; ನನ್ನನ್ನೂ ಸೇರಿಸಿಕೊಂಡರು. ಅವರ ಜೊತೆಗೇ ನಾನೂ ಹಾಲೆಂಡಿಗೆ ಹೋದದ್ದು, ನಲವತ್ತೆರಡು ಕಿಲೋಮೀಟರ್ ಓಡುವುದಕ್ಕೆ. ನಾನು ಶುರು ಮಾಡಿದ್ದು ಯಾವುದೂ ಮುಗಿದಿದ್ದಿಲ್ಲ. ಡಿಗ್ರಿ ಅರ್ಧಕ್ಕೆ ನಿಂತಿತು, ಹೊಲಿಗೆ ಕ್ಲಾಸು ಅರ್ಧಕ್ಕೆ. ವಾರ್ಡಿನಲ್ಲಿ ತಟ್ಟೆಯ ಮುಂದೆ ಕೂತವಳು ಊಟವನ್ನೂ ಎಷ್ಟೋ ದಿನ ಅರ್ಧಕ್ಕೇ ಬಿಟ್ಟು ಎದ್ದಿದ್ದೇನೆ. ಹೊರಡುವ ದಿನ ಗಂಡ ಹೇಳಿದ್ದು ಒಂದೇ ಮಾತು: "ಇದೊಂದ್ನಾರ ಪೂರ್ತಿ ಮುಗ್ಸು. ಅರ್ಧಕ್ ಬುಟ್ಟು ಬರ್ಬ್ಯಾಡ."

ಅಲ್ಲೂ ನಾಲೆಗಳೇ. ಆದರೆ ಏರಿಯ ಮೇಲೆ ಯಾರೂ ಯಾರನ್ನೂ ಏನೂ ಕೇಳುವುದಿಲ್ಲ. ಎದುರುಗಾಳಿ, ಚಳಿ. ಮೂವತ್ತು ಕಿಲೋಮೀಟರ್ ದಾಟಿದ ಮೇಲೆ ಕಾಲು ನನ್ನ ಮಾತು ಕೇಳುವುದನ್ನು ಬಿಟ್ಟಿತು. ಮೂವತ್ನಾಲ್ಕರ ಹತ್ತಿರ, ಕೆಂಪು ಬಾಗಿಲಿನ ಒಂದು ಅಂಗಡಿಯ ಮುಂದೆ, ಬಿಳಿ ವ್ಯಾನೊಂದು ನನ್ನ ಪಕ್ಕಕ್ಕೆ ಬಂತು. ತಲೆಯೆಲ್ಲ ನೆರೆತ ಡ್ರೈವರು ನಕ್ಕು ಬಾಗಿಲು ತೆರೆದ. ಹಿಂದೆ ಬಿದ್ದವರನ್ನು ಎತ್ತಿಕೊಂಡು ಹೋಗುವ ವ್ಯಾನು ಅದು, ಹತ್ತಿದರೆ ಓಟ ಮುಗಿದ ಹಾಗೆ ಅಂತ ಡಾಕ್ಟರು ಮೊದಲೇ ಹೇಳಿದ್ದರು. ಗೊತ್ತಿದ್ದೂ ಹತ್ತಿಬಿಟ್ಟೆ. ವಯಸ್ಸಾದವನು ಕರೆದಾಗ ಬೇಡ ಅನ್ನಲಾರದ ಸಂಕೋಚವೋ, ಸುಸ್ತೋ, ಇವತ್ತಿಗೂ ಹೇಳಲಾರೆ. ಮುಂದಿನ ತಿರುವಿನಲ್ಲಿ ಇಳಿದರಾಯಿತು ಅಂದುಕೊಂಡಿದ್ದು ಮಾತ್ರ ನಿಜ.

ಒಳಗಿದ್ದ ಹೆಂಗಸು ಏನೂ ಕೇಳದೆ ನನ್ನ ಎದೆಯ ಮೇಲಿನ ನಂಬರಿಗೆ ಕಪ್ಪು ಪೆನ್ನಿನಿಂದ ಅಡ್ಡಗೆರೆ ಎಳೆದಳು. ಆಗ ಎಚ್ಚರವಾಯಿತು. ಇಷ್ಟು ದಿನ ಏರಿಯ ಮೇಲೆ ಸವೆಸಿದ ಚಪ್ಪಲಿ, ಶೂ, ಮಂಡಿ ಎಲ್ಲಾ ಒಂದು ಗೆರೆಗೆ ಮುಗಿದುಹೋಯಿತೆಂದು ಅಳು ಬಂತು. ನನಗೆ ಬರುವ ಇಂಗ್ಲಿಷಿನಲ್ಲಿ ಸ್ಟಾಪ್, ಸ್ಟಾಪ್ ಅಂದೆ. ನಿಲ್ಲಿಸಿದರು. ಇಳಿದು ವಾಪಸ್ ನಡೆದೆ. ಆ ಹೆಂಗಸು ಕಿಟಕಿಯಿಂದ ತಲೆ ಹೊರಗೆ ಹಾಕಿ, ದಾರಿ ಅತ್ತ ಅಲ್ಲ, ಇತ್ತ ಅಂತ ಕೈ ತೋರಿಸುತ್ತಲೇ ಇದ್ದಳು. ಅವಳಿಗೆ ಹೇಗೆ ಹೇಳಲಿ?

ಕೆಂಪು ಬಾಗಿಲು ಸಿಕ್ಕಿತು. ಅದನ್ನು ಒಂದು ಸಲ ಮುಟ್ಟಿ ಮತ್ತೆ ಹೊರಟೆ. ಅಷ್ಟರಲ್ಲಿ ರಸ್ತೆಗೆ ಕಾರು ಬಿಟ್ಟಿದ್ದರು. ಫುಟ್‌ಪಾತಿನ ಮೇಲೆ ಓಡಿದ್ದು ಸ್ವಲ್ಪ, ನಡೆದದ್ದೇ ಹೆಚ್ಚು. ಕೆಂಪು ದೀಪ ಬಿದ್ದಾಗೆಲ್ಲ ಸೈಕಲ್ಲಿನವರ ಜೊತೆ ನಿಂತೆ. ಮುಟ್ಟಬೇಕಾದ ಜಾಗ ಮುಟ್ಟಿದಾಗ ಓಟಕ್ಕೆ ಅಡ್ಡ ಕಟ್ಟಿದ್ದ ಕಂಬಿಗಳನ್ನು ಬಿಚ್ಚಿ ಲಾರಿಗೆ ತುಂಬುತ್ತಿದ್ದರು. ಮೆಡಲೂ ಇಲ್ಲ, ನೀರೂ ಇಲ್ಲ. ನನ್ನನ್ನು ಹುಡುಕುತ್ತಿದ್ದ ಡಾಕ್ಟರು ಬೈದು ಶಾಲು ಹೊದೆಸಿದರು. ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಮುಗಿಸಿಲ್ಲ ಎಂದೇ ಇತ್ತು.

ಗಂಡನಿಗೆ ಫೋನು ಮಾಡಿದೆ.

"ಮುಗೀತಾ?"

"ವ್ಯಾನು ಹತ್ಬುಟ್ಟೆ."

ಅವರು ಮೆಲ್ಲಗೆ ಕೇಳಿದರು: "ಅತ್ತಿದ್ ಜಾಗಕ್ ವಾಪಸ್ ಓಗಿದ್ಯಾ?"

"ಹೋಗಿದ್ದೆ."

"ಅಂಗಾದ್ರೆ ಮುಗೀತು ಬುಡು."

ಊರಿಗೆ ಬಂದು ನಾಲ್ಕನೇ ದಿನ ಮತ್ತೆ ಏರಿಗೆ ಹೋದೆ. ಮಂಡಿ ಇನ್ನೂ ಊದಿತ್ತು. ಚಿಕ್ಕಮಾವ ಬೈಕು ನಿಲ್ಲಿಸಿ ಅತ್ತು ಅಂದರು. ಹತ್ತಿದೆ. ತೂಬು ಬಂತು, ಹಿಂದಕ್ಕೆ ಹೋಯಿತು. ಹಾಲಿನ ಕ್ಯಾನು ಹಿಡಿದುಕೊಂಡು ಸುಮ್ಮನೆ ಕೂತಿದ್ದೆ.

"ಇವತ್ತು ತೂಬಿನ್ ತಾವ ಇಳಿಯಲ್ವೇನವ್ವ?" ಅಂತ ಅವರೇ ಕೇಳಿದರು.

"ಇಲ್ಲ ಮಾವ, ಡೇರಿಗೆ ಹಾಲಾಕಿ ಮನೆಗಂಟ ಬಿಡಿ" ಅಂದೆ.