ನಾಹಿದಾ ಹಾಕಿದ ಷರತ್ತು

ಶಿರಾದ ಆ ಖಾಸಗಿ ಪಿಯು ಕಾಲೇಜಿನಲ್ಲಿ ನಾಹಿದಾ ಹೆಸರಿಗಷ್ಟೇ ಆಫೀಸ್ ಅಸಿಸ್ಟೆಂಟ್. ಅಡ್ಮಿಷನ್ನು, ವೇಳಾಪಟ್ಟಿ ಎರಡನ್ನೂ ನೋಡಿಕೊಳ್ಳುವ ಹೊಸ ಸಾಫ್ಟ್‌ವೇರ್ ಬಂದ ಮೇಲೆ ಅವಳಿಗೆ ಕೊಂಬು ಮೂಡಿತ್ತು. ಯಾವ ವಿಷಯಕ್ಕೆ ಮೊದಲು ಯಾವುದನ್ನು ಓದಿರಬೇಕು ಎಂದು ಅದರಲ್ಲಿ ಷರತ್ತು ಹಾಕುವವಳು ಅವಳೇ. ಅದನ್ನು ದಾಟಿ ಯಾವ ಲೆಕ್ಚರರ್ ಕೂಡ ಒಬ್ಬ ಹುಡುಗನನ್ನು ತರಗತಿಗೆ ಸೇರಿಸುವಂತಿರಲಿಲ್ಲ.

ಪ್ರಿನ್ಸಿಪಾಲ್ ಗೌರೀಶ್ ಮೊದಲು ಹೇಳಿದ್ದು ನ್ಯಾಯವಾಗಿಯೇ ಇತ್ತು. ಕನ್ನಡ, ಉರ್ದು ಮಾಧ್ಯಮದಿಂದ ಬಂದವರಿಗೆ ಇಂಗ್ಲಿಷಿನಲ್ಲಿ ಗಣಿತ ಕಲಿಸುವ ಸೇತುಬಂಧ ತರಗತಿ. ಅವರಲ್ಲಿ ಅದನ್ನು ಮುಗಿಸಿದವರಿಗೆ ಮಾತ್ರ ಸೈನ್ಸ್. ನಾಹಿದಾ ಹಾಗೇ ಹಾಕಿದಳು. ಕೆಲವು ದಿನ ಕಳೆದು ಅವರೇ ಬಂದು, ಸೇತುಬಂಧಕ್ಕೆ ಕಂಡಕಂಡವರೆಲ್ಲ ಬಂದು ಕೂರುವುದು ಬೇಡ, ಸೈನ್ಸ್ ಸೇರಿದವರಿಗಷ್ಟೇ ಇರಲಿ ಎಂದರು. ಅದನ್ನೂ ಹಾಕಿದಳು. ಪರದೆಯ ಮೇಲೆ ಕೆಂಪಕ್ಷರ ಮೂಡಿತು: ಎರಡೂ ಷರತ್ತುಗಳು ಒಂದನ್ನೊಂದು ಕಾಯುತ್ತಿವೆ, ಮುಂದುವರಿಸಬೇಕೆ?

ಸೈನ್ಸ್ ಸೇರಬೇಕಾದರೆ ಸೇತುಬಂಧ ಮುಗಿಸಿರಬೇಕು. ಸೇತುಬಂಧಕ್ಕೆ ಕೂರಬೇಕಾದರೆ ಸೈನ್ಸ್ ಸೇರಿರಬೇಕು. ಅಲ್ಲಿಗೆ ಕನ್ನಡ, ಉರ್ದು ಶಾಲೆಯ ಮಕ್ಕಳಿಗೆ ಒಳಗೆ ಬರಲು ದಾರಿಯೇ ಇಲ್ಲ. ನಾಹಿದಾ ಓಡಿಹೋಗಿ ಹೇಳಿದಳು.

ಗೌರೀಶ್ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಂಗೇ ಇರ್ಲಿ ಬುಡಿ. ನಮ್ ರಿಸಲ್ಟ್ ಕೆಡ್ಸೋರು ತಾವಾಗೇ ಹೊರಗುಳೀತಾರೆ. ಬಯ್ಯೋರು ಕಂಪ್ಯೂಟರ್‌ನ ಬೈಕೊಳ್ಲಿ."

ನಾಹಿದಾಳೂ ನಕ್ಕಳು. ಪ್ರಿನ್ಸಿಪಾಲರ ಜೊತೆ ಸರಿಸಮನಾಗಿ ನಗುವ ಯೋಗ ದಿನಾ ಬರುತ್ತದೆಯೇ? ತಾನೂ ಉರ್ದು ಶಾಲೆಯವಳು ಎಂಬುದೇ ಮರೆತುಹೋಯಿತು. ತಂಗಿ ತಮನ್ನಾ ಅದೇ ಶಾಲೆಯಲ್ಲಿ ಹತ್ತನೆಯದು ಮುಗಿಸಿ ಸೈನ್ಸ್ ಓದಲು ತುದಿಗಾಲಲ್ಲಿ ನಿಂತಿರುವುದು ಮಾತ್ರ ನೆನಪಿತ್ತು. ಅಪ್ಪ ಕರೀಮ್ ಸಾಬ್, ಓದುವುದಾದರೆ ಅಕ್ಕನ ಕಣ್ಣೆದುರಿಗೆ ಓದಲಿ, ಇಲ್ಲವಾದರೆ ಮನೆಯಲ್ಲಿರಲಿ ಎಂದು ಕಡ್ಡಿ ಮುರಿದಂತೆ ಹೇಳಿದ್ದರು. ಆದರೆ ಷರತ್ತು ಮೀರಿ ಸೇರಿಸಲು ಪ್ರಿನ್ಸಿಪಾಲರ ಪಾಸ್‌ವರ್ಡ್ ಒಂದಿತ್ತು. ನನ್ನ ತಂಗಿಗೆ ಸರ್ ಅಷ್ಟು ಮಾಡುವುದಿಲ್ಲವೇ ಎಂದುಕೊಂಡು ನಾಹಿದಾ 'ಹೌದು' ಒತ್ತಿದಳು. ಮನೆಯಲ್ಲಿ ಜಂಬ ಬೇರೆ: "ಯಾರಿಗ್ ಸೈನ್ಸು, ಯಾರಿಗ್ ಇಲ್ಲ, ಎಲ್ಲಾ ನಾನ್ ಹಾಕ್ದಂಗೆ ಕಣೇ!"

ಅಡ್ಮಿಷನ್ ದಿನ ಬಡವನಹಳ್ಳಿಯ ಓಬಳಮ್ಮ ಕನ್ನಡ ಶಾಲೆಯಲ್ಲಿ ಓದಿದ ಮಗಳನ್ನು ಸೈನ್ಸಿಗೆ ಸೇರಿಸಲು ಕರೆದುಕೊಂಡು ಕೌಂಟರಿಗೆ ಬಂದಳು.

"ಸಾಫ್ಟ್‌ವೇರ್ ತಗೊಳ್ತಿಲ್ಲ ಕಣಮ್ಮ. ಆರ್ಟ್ಸ್ ಬರ್ಕೊಳ್ಲಾ?" ಎಂದಳು ನಾಹಿದಾ, ತಲೆಯನ್ನೂ ಎತ್ತದೆ.

"ಆ ಮಿಸನ್‌ಗೆ ನೀನೇ ಒಂದ್ ಮಾತ್ ಹೇಳವ್ವ" ಎಂದು ಓಬಳಮ್ಮ ಕಂಪ್ಯೂಟರ್ ತೋರಿಸಿ ಕೈಮುಗಿದಳು.

ನಾಹಿದಾಳಿಗೆ ನಗು ತಡೆಯಲಾಗಲಿಲ್ಲ. ಮುಂದಿನವರನ್ನು ಕರೆದಳು. ಮುಂದೆ ನಿಂತಿದ್ದವಳು ತಮನ್ನಾ. ತಂಗಿಗೆ ಕಣ್ಣು ಮಿಟುಕಿಸಿ ನಾಹಿದಾ ಪ್ರಿನ್ಸಿಪಾಲರ ಕೋಣೆಗೆ ಹೋದಳು.

"ಸರ್, ನನ್ ತಂಗಿ ಬಂದವ್ಳೆ. ಪಾಸ್‌ವರ್ಡ್ ಒಂದ್ಸಲ ಹಾಕ್ಕೊಡಿ."

"ಯಾವ್ ಸ್ಕೂಲು?"

"ಉರ್ದು ಸ್ಕೂಲು ಸರ್."

"ನೀವೇ ಹಾಕಿದ್ ಷರತ್ತಲ್ವಾ ನಾಹಿದಾ? ನಿಮ್ಮೋಳ್ಗೆ ತೆಗೆದ್ರೆ ನಾಳೆ ಇಡೀ ಉರ್ದು ಸ್ಕೂಲೇ ಬಂದ್ ನಿಲ್ತದೆ. ಎಲ್ರಿಗೂ ಹೇಳ್ದಂಗೇ ಅವಳ್ಗೂ ಹೇಳಿ. ಗಟ್ಟಿಯಾಗ್ ಹೇಳಿ. ನಮ್ ಕಾಲೇಜಲ್ಲಿ ಭೇದಭಾವ ಇಲ್ಲ ಅಂತ ನಾಲ್ಕ್ ಜನಕ್ಕೆ ಗೊತ್ತಾಗ್ಲಿ."

ಹೇಳುತ್ತಾಳೋ ಇಲ್ಲವೋ ನೋಡಲು ಅವರೂ ಬಾಗಿಲವರೆಗೆ ಬಂದು ನಿಂತರು. ಕುರ್ಚಿ ಒದ್ದು ತಂಗಿಯ ಕೈಹಿಡಿದು ಹೊರಟುಬಿಡಬಹುದಿತ್ತು. ಅಷ್ಟು ಗಂಡೆದೆ ನಾಹಿದಾಳಿಗೆ ಇರಲಿಲ್ಲ. ಕೆಲಸ ಹೋದೀತೆಂಬ ಹೆದರಿಕೆಯಲ್ಲಿ ಅದೇ ಮಾತನ್ನು ಗಟ್ಟಿಯಾಗಿ ಹೇಳಿದಳು: "ಸಾಫ್ಟ್‌ವೇರ್ ತಗೊಳ್ತಿಲ್ಲ. ಆರ್ಟ್ಸ್ ಬರ್ಕೊಳ್ಲಾ?"

"ಆಪಾ..." ಎಂದಳು ತಮನ್ನಾ. ಅಕ್ಕನನ್ನು ಹಾಗೆ ಕರೆದವಳೇ ಅಳತೊಡಗಿದಳು.

ಜಗಲಿಯಲ್ಲಿ ಬಸ್ಸಿಗೆ ಕಾಯುತ್ತಿದ್ದ ಓಬಳಮ್ಮ ಎದ್ದು ಬಂದು ಅವಳ ಬೆನ್ನು ಸವರಿದಳು. "ಅಳಬ್ಯಾಡ ಕಣವ್ವ. ಆಯಮ್ಮಂದೇನ್ ತಪ್ಪು? ಮಿಸನ್ನೇ ತಗೊಳ್ಳಾಕಿಲ್ವಂತೆ."

ತಮನ್ನಾ ಅಕ್ಕನ ಮುಖವನ್ನೇ ನೋಡುತ್ತಿದ್ದಳು. ನಾಹಿದಾ ತಲೆ ತಗ್ಗಿಸಿ ಆರ್ಟ್ಸ್ ಒತ್ತಿದಳು. ಸಾಫ್ಟ್‌ವೇರ್ ಒಂದು ಮಾತೂ ಕೇಳದೆ ತೆಗೆದುಕೊಂಡಿತು.

ಆ ಸಂಜೆ ಮನೆಯಲ್ಲಿ ತಟ್ಟೆ ಇಟ್ಟು ತಮನ್ನಾ ಅಕ್ಕನ ಕೋಣೆಯ ಬಾಗಿಲಿಗೆ ಬಂದಳು.

"ಮೇಡಮ್, ಊಟಕ್ಕೆ ಬರ್ಬೇಕಂತೆ."

ಒಲೆಯ ಮುಂದಿದ್ದ ತಾಯಿ ಜೈನಾಬಿ ತಮಾಷೆಯೆಂದು ನಕ್ಕಳು. ತಮನ್ನಾ ನಗಲಿಲ್ಲ. ಅಂದಿನಿಂದ ಆ ಮನೆಯಲ್ಲಿ ನಾಹಿದಾಳನ್ನು ಆಪಾ ಎಂದು ಕರೆದವರಿಲ್ಲ.