ಪುಡಿ ಹಾಕದ ಟೀ

ನನ್ನ ನಿದ್ದೆ ಕೆಟ್ಟದ್ದು ಬೆಳಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ. ನಿದ್ದೆ ಕೆಡುವುದಕ್ಕೆ ಅದು ಹೊತ್ತಲ್ಲ, ಒಪ್ಪುತ್ತೇನೆ. ಆದರೆ ಪೀಣ್ಯದ ನಮ್ಮ ಕಾರ್ಖಾನೆಯಲ್ಲಿ, ಸರಪಳಿಗೆ ನೇತುಹಾಕಿ ಸಾಗಿಸುತ್ತಿದ್ದ ಭಾರಿ ಕಬ್ಬಿಣದ ಅಚ್ಚೊಂದು ಕಳಚಿ ಬಿದ್ದದ್ದು ಆಗಲೇ. ಅದರ ಕೆಳಗೆ ನಮ್ಮ ಫಿಟ್ಟರ್ ನಂಜುಂಡ ನಿಂತಿದ್ದ. "ಟೀ ಬಂತು" ಅಂತ ಯಾರೋ ಕೂಗಿದರು. ಅವನು ಅತ್ತ ಸರಿದ, ಅಚ್ಚು ಇತ್ತ ಬಿತ್ತು. ಸಿಮೆಂಟ್ ನೆಲ ಒಡೆದು ಧೂಳೆದ್ದಿತು. ಅಳತೆ ನೋಡುವ ನನ್ನ ಮೇಜಿನಿಂದ ಇದೆಲ್ಲ ಕಾಣಿಸಿತು.

ಕೂದಲೆಳೆಯಲ್ಲಿ ಪಾರಾದ ನಂಜುಂಡ ಅಂದಿನಿಂದಲೂ ಗಡದ್ದಾಗಿ ನಿದ್ದೆ ಹೊಡೆಯುತ್ತಿದ್ದ. ಜಾಗರಣೆ ಬಂದದ್ದು ದೂರದಲ್ಲಿ ನಿಂತು ನೋಡಿದ ನನಗೆ. ಕಣ್ಣು ಮುಚ್ಚಿದರೆ ಸರಪಳಿ ಕಿರುಗುಟ್ಟುತ್ತದೆ, ಅಚ್ಚು ಜಾರುತ್ತದೆ, ನಾನು ಬೆವೆತು ಎದ್ದು ಕೂರುತ್ತೇನೆ. ಬರೀ ಕಣ್ಣುರಿಯಾಗಿದ್ದರೆ ಸಹಿಸಬಹುದಿತ್ತು. ಸೂಕ್ಷ್ಮ ಅಳತೆ ನೋಡಿ ‘ಸರಿ’ ಅನ್ನುವುದೇ ನನ್ನ ಕೆಲಸ. ಒಂದೇ ಬಿಡಿಭಾಗ ಪ್ರತಿ ಸಲವೂ ಬೇರೆ ಬೇರೆ ಅಳತೆ ತೋರಿಸತೊಡಗಿತು. ಮ್ಯಾನೇಜರ್ ಮೆತ್ತಗೆ, "ಹಿಂಗೇ ಆದ್ರೆ ನಿಮ್ಮನ್ನ ಆಫೀಸಿಗೆ ಹಾಕ್ಬೇಕಾಗುತ್ತೆ ಮೇಡಂ" ಅಂದರು. ಯಂತ್ರಗಳ ಸದ್ದಿನಲ್ಲೇ ನನ್ನ ಯೋಚನೆ ಓಡುವುದು. ಎ.ಸಿ. ಕೋಣೆಯಲ್ಲಿ ಕೂರಿಸಿದರೆ ಒಣಗಿಯೇ ಹೋಗುತ್ತೇನೆ ಅನ್ನಿಸಿತು. ಹಾಗಾಗಿ ಹರ್ಬಲ್ ಟೀಯ ಮೊರೆಹೋದೆ.

ಈ ಪಾನೀಯದ ಬಗ್ಗೆ ನಾನೀಗ ಯಾವ ಸಭೆಯಲ್ಲಿ ಬೇಕಾದರೂ ಮಾತಾಡಬಲ್ಲೆ. ಇದು ನಮ್ಮ ಕಷಾಯವೇ, ಹೆಸರು ಬದಲಾಯಿಸಿಕೊಂಡು ಬಂದಿದೆ. ಕಷಾಯವನ್ನು ಮೂಗು ಮುಚ್ಚಿಕೊಂಡು ಕುಡಿಯುತ್ತಿದ್ದೆವು, ಹರ್ಬಲ್ ಟೀಯನ್ನು ಕಣ್ಣು ಮುಚ್ಚಿಕೊಂಡು ಕುಡಿಯುತ್ತೇವೆ. ಸಂಸ್ಕೃತದಲ್ಲಿ ಕಷಾಯವೆಂದರೆ ಒಗರು ಅಂತಲೂ ಅರ್ಥ. ಸನ್ಯಾಸಿಗಳ ಕಾವಿ ಬಟ್ಟೆ ‘ಕಾಷಾಯ’ವಾದದ್ದು ಅದೇ ಪದದ ನೆಂಟಸ್ತಿಕೆಯಿಂದ. ದಿನಾ ಒಂದು ಲೋಟ ಕುಡಿದರೆ ವೈರಾಗ್ಯ ಯಾಕೆ ಹುಟ್ಟುತ್ತದೆ ಎಂದು ಆಗ ಅರ್ಥವಾಯಿತು. ನಾನು ತಂದದ್ದು ಕ್ಯಾಮೊಮೈಲ್, ನಮ್ಮ ಸೇವಂತಿಗೆಯ ದೂರದ ತಂಗಿ.

ಅದನ್ನು ಕುದಿಸಿಕೊಡುವ ಹೊಣೆಯನ್ನು ದಾವಣಗೆರೆಯ ನಮ್ಮ ಅತ್ತೆ ಹೊತ್ತುಕೊಂಡರು. ಮಲಗುವ ಮುಂಚೆ ನಾನು ಭಕ್ತಿಯಿಂದ ಕುಡಿದೆ. ಅಳಿದುಳಿದ ನಿದ್ದೆಯೂ ಓಡಿಹೋಯಿತು. ಕೆಲವು ವಾರ ಕಳೆದ ಮೇಲೆ ಅಡುಗೆಮನೆಗೆ ಇಣುಕಿದರೆ, ಅತ್ತೆ ಹೂವಿನ ಜೊತೆಗೆ ದೊಡ್ಡ ಚಮಚದಲ್ಲಿ ಟೀಪುಡಿ ಸುರಿಯುತ್ತಿದ್ದಾರೆ!

"ಅಯ್ಯೋ, ಪುಡಿ ಯಾಕೆ ಹಾಕ್ತಿದೀರಿ?"

"ಟೀ ಅಂತ ನೀನೇ ಅಂದ್ಯಲ್ಲ? ಪುಡಿ ಇಲ್ದ ಟೀ ಹೆಂಗಾಕ್ಕತಿ?"

ಎಂಜಿನಿಯರಿಂಗ್ ಪದವೀಧರೆಯಾದ ನಾನು ಟೀಪುಡಿಯ ಡಬ್ಬವನ್ನೇ ಎತ್ತಿ ಮೇಲಿನ ಕಪಾಟಿನಲ್ಲಿಟ್ಟೆ.

ಪುಡಿ ನಿಂತಿತು. ಮೈ ಸಡಿಲಾಯಿತು, ಬಹಳ ದಿನದ ಮೇಲೆ ಒಂದು ಪರಿಪೂರ್ಣ ಆಕಳಿಕೆ ಬಂತು. ಅಷ್ಟರಮಟ್ಟಿಗೆ ಹೂವು ಮಾತು ಉಳಿಸಿಕೊಂಡಿತು. ಆದರೆ ಆಕಳಿಕೆಯ ಹಿಂದೆಯೇ ಸರಪಳಿಯೂ ಬಂತು.

ಒಂದು ಬುಧವಾರ ಫ್ಲಾಸ್ಕನ್ನು ಕಾರ್ಖಾನೆಗೇ ಒಯ್ದೆ. ನಂಜುಂಡ ಬಂದು ಲೋಟ ಚಾಚಿದ.

"ಒಬ್ರೇ ಕುಡೀತೀರಲ್ಲ ಮೇಡಂ, ಬೈ ಟೂ ಮಾಡಿ."

ಬೆಂಗಳೂರಿನಲ್ಲಿ ಬೈ ಟೂ ಕೇಳಿದವರಿಗೆ ಇಲ್ಲ ಅನ್ನುವಂತಿಲ್ಲ. ಅರ್ಧ ಸುರಿದೆ. ಒಂದು ಗುಟುಕು ಕುಡಿದು ಮುಖ ಕಿವುಚಿದ. "ಥೂ! ಹಾರ ತೊಳ್ದಿರೋ ನೀರು ಇದ್ದಂಗಿದೆ. ಯಾವ ರೋಗಕ್ಕೆ ಇದು?"

ನಿನ್ನಿಂದಲೇ ಬಂದ ರೋಗಕ್ಕೆ ಎಂದು ಎಲ್ಲವನ್ನೂ ಹೇಳಿದೆ. ಅವನು ಗಂಭೀರವಾಗಿ ಕೇಳಿಸಿಕೊಂಡ.

"ಅಚ್ಚು ಬಿತ್ತು. ಆಮೇಲೆ?"

"ಆಮೇಲೇನು? ಎದ್ದು ಕೂತ್ಕೋತೀನಿ."

"ಅರ್ಧಕ್ಕೇ ಎದ್ರೆ ಹೆಂಗೆ ಮೇಡಂ? ಅದಾದ್ಮೇಲೆ ನಾನು ಬದುಕಿದ್ದೀನಲ್ಲ! ಸೀದಾ ಕ್ಯಾಂಟೀನಿಗೆ ಹೋಗಿ ಎರಡು ಪ್ಲೇಟ್ ಚಿತ್ರಾನ್ನ ಹೊಡೆದೆ. ಕಡ್ಲೆಬೀಜಾನೇ ಇಲ್ಲ ಅಂತ ಜಗಳಾನೂ ಆಡ್ದೆ. ಅದನ್ನ ನೋಡಲ್ವಾ ನೀವು?"

ನೋಡಿರಲಿಲ್ಲ. ಧೂಳೆದ್ದ ಕೂಡಲೇ ನನ್ನನ್ನು ಯಾರೋ ಹೊರಗೆ ಕರೆದೊಯ್ದಿದ್ದರು. ನಂಜುಂಡ ಬದುಕಿದ ಸುದ್ದಿ ನನ್ನ ಕಿವಿಗೆ ತಲುಪಿತ್ತು, ಅವನು ಧೂಳಿನಿಂದ ಹೊರಬಂದದ್ದು ಕಣ್ಣಿಗೆ ತಲುಪಿರಲಿಲ್ಲ. ಕೊನೆಗೂ ನಿದ್ದೆ ಬರಿಸಿದ್ದು ಹೂವೋ ನಂಜುಂಡನೋ ಎಂದು ಯಾರಾದರೂ ಕೇಳಿದರೆ, ಕೀರ್ತಿಯನ್ನು ಬೈ ಟೂ ಮಾಡಿಬಿಡುತ್ತೇನೆ. ಹೂವು ಮೈಯನ್ನು ಮಲಗಿಸಿತು. ಉಳಿದದ್ದು ಅವನ ಪಾಲು.

ಅವತ್ತು ರಾತ್ರಿ ಹೂವಿನ ಟೀ ಕುಡಿದು ಮಲಗಿದೆ. ಸರಪಳಿ ಕಿರುಗುಟ್ಟಿತು, ಅಚ್ಚು ಬಿತ್ತು. ನಾನು ಏಳಲಿಲ್ಲ, ಹಟ ಹಿಡಿದು ಕಾದೆ. ಧೂಳಿನೊಳಗಿಂದ ನಂಜುಂಡ ಬಂದ, ಪ್ಯಾಂಟ್ ಕೊಡವಿಕೊಂಡ, ಕ್ಯಾಂಟೀನಿನತ್ತ ನಡೆದ. ನಾನೂ ಹಿಂದೆಯೇ ಹೋದೆ. ಮೊದಲ ಪ್ಲೇಟ್ ಖಾಲಿಯಾಯಿತು. ಎರಡನೆಯದರಲ್ಲಿ ಬೆರಳಾಡಿಸಿ ಕಡ್ಲೆಬೀಜ ಹುಡುಕತೊಡಗಿದ.

"ಏಳವ್ವಾ, ಇವತ್ತು ಕೆಲಸಕ್ಕ ಹೋಗಂಗಿಲ್ಲೇನು?" ಅಂತ ಅತ್ತೆ ಕರೆದಾಗ ಗುರುವಾರದ ಬಿಸಿಲು ಹಾಸಿಗೆ ತುಂಬಾ ಬಿದ್ದಿತ್ತು. ಕಡ್ಲೆಬೀಜ ಸಿಕ್ಕಿತೋ ಇಲ್ಲವೋ, ನನಗೆ ಗೊತ್ತಿಲ್ಲ.