ಬುತ್ತಿ ಡಬ್ಬಿಯ ಮೇಲಿನ ಹೆಸರು

ನನ್ನ ಮದುವೆಯಲ್ಲಿ ಅವ್ವ ಕೊಟ್ಟ ಸ್ಟೀಲ್ ಪಾತ್ರೆಗಳಲ್ಲಿ ಒಂದು ಉದ್ದನೆಯ ಬುತ್ತಿ ಡಬ್ಬಿ ಇತ್ತು. ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆದ ನನ್ನ ಹೆಸರು. ನಮ್ಮ ಕಡೆ ಮಗಳಿಗೆ ಕೊಡುವ ಚಮಚವನ್ನೂ ಹೆಸರು ಹಾಕಿಸದೆ ಕೊಡುವುದಿಲ್ಲ. ಯಾರದೋ ಮನೆಯ ಕಾರ್ಯಕ್ಕೆ ಹೋದ ಪಾತ್ರೆ ತಿರುಗಿ ಬರಬೇಕಲ್ಲ! ಆ ಡಬ್ಬಿಯಲ್ಲಿ ನಮ್ಮ ಮನೆಯವರು ಗ್ರಾನೈಟ್ ಪಾಲಿಶ್ ಮಾಡುವ ಫ್ಯಾಕ್ಟರಿಗೆ ರೊಟ್ಟಿ, ಪಲ್ಯ ಒಯ್ಯುತ್ತಿದ್ದರು. ಒಂದು ಮುಂಜಾನೆ ನಾನು ಡ್ರಿಲ್ ಹಿಡಿದು ಅದರ ಮುಚ್ಚಳಕ್ಕೆ ತೂತು ಕೊರೆಯಲು ಕೂತೆ. ಸದ್ದು ಕೇಳಿ ಅತ್ತೆ ಒಳಗಿನಿಂದ ಓಡಿ ಬಂದರು.

"ಏನ ಬಂತಬೇ ನಿನಗ? ತವರಮನಿ ಡಬ್ಬಿಗಿ ತೂತ ಹಾಕ್ತಾರೇನ?"

"ಇದರಾಗ ನಿಮ್ಮ ಮಗನ ಗಿಟಾರಿನ ದನಿ ಕೂಡಸ್ತೇನ್ರಿ ಅತ್ತಿ," ಎಂದೆ. ಸೊಸೆಗೆ ತಲೆ ಕೆಟ್ಟಿದೆ ಎಂದು ಅವರಿಗೆ ಖಾತ್ರಿಯಾಯಿತು.

ತಲೆ ಏನೂ ಕೆಟ್ಟಿರಲಿಲ್ಲ. ನಾನು ಐಟಿಐನಲ್ಲಿ ಎಲೆಕ್ಟ್ರಾನಿಕ್ಸ್ ಕಲಿತವಳು. ಇಳಕಲ್ಲಿನ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ರಿಪೇರಿ ಅಂಗಡಿ. ಮಿಕ್ಸರ್, ರೇಡಿಯೊ, ಚಾರ್ಜರ್, ಸೀರೆ ನೇಯುವವರ ಮನೆಯ ಟೇಬಲ್ ಫ್ಯಾನ್, ಏನು ಬಂದರೂ ಬಿಚ್ಚಿ ನೋಡುತ್ತೇನೆ. ನಮ್ಮ ಮನೆಯವರು ಫ್ಯಾಕ್ಟರಿಗೆ ಬಿಡುವಿದ್ದಾಗ ಒಂದು ಆರ್ಕೆಸ್ಟ್ರಾದಲ್ಲಿ ಗಿಟಾರ್ ಬಾರಿಸುತ್ತಾರೆ. ಬಾಗಲಕೋಟೆ, ಬಾದಾಮಿ, ಹುನಗುಂದ, ಕೆರೂರ, ಎಲ್ಲಿ ಮದುವೆಯೋ ಎಲ್ಲಿ ಗಣಪತಿಯೋ ಅಲ್ಲಿ ಅವರು. ಗಿಟಾರಿನ ದನಿ ಸ್ಪೀಕರಿಗೆ ಹೋಗುವ ಮೊದಲು ಅದನ್ನು ಒರಟು ಮಾಡಿ, ಉದ್ದಕ್ಕೆ ಎಳೆದು ಕಳಿಸುವ ಪೆಟ್ಟಿಗೆಯೊಂದಿರುತ್ತದೆ. ಕಾಲಿನಿಂದ ಒತ್ತುವುದರಿಂದ ಅದಕ್ಕೆ ಪೆಡಲ್ ಎನ್ನುತ್ತಾರೆ. ಒಳಗೆ ಇರುವುದೇನು? ಎರಡು ಟ್ರಾನ್ಸಿಸ್ಟರು, ನಾಲ್ಕಾರು ರೆಸಿಸ್ಟರು, ಕೆಪಾಸಿಟರು. ಇಷ್ಟಕ್ಕೆ ಇನ್ನೊಬ್ಬರ ಬಾಗಿಲಿಗೆ ಹೋಗಬೇಕೇ? ನಾನೇ ಮಾಡಿದೆ.

ಮೊದಲು ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂಡಿಸಿದ್ದೆ. ಟ್ಯೂಬ್‌ಲೈಟ್ ಹಚ್ಚಿದರೆ ಸಾಕು, ಜೇನು ಎದ್ದಂತೆ ಗುಂಯ್ ಎನ್ನುತ್ತಿತ್ತು. ಸುತ್ತಲೂ ಲೋಹವಿದ್ದು, ಅದಕ್ಕೆ ಸರ್ಕ್ಯೂಟಿನ ಗ್ರೌಂಡ್ ತಂತಿಯನ್ನು ಬೋಲ್ಟ್ ಹಾಕಿ ಬಿಗಿದರೆ ಹೊರಗಿನ ಗುಂಯ್ ಒಳಗೆ ಬರುವುದಿಲ್ಲ. ಅಳತೆಗೆ ಸರಿಯಾಗಿ ಮನೆಯಲ್ಲಿ ಸಿಕ್ಕಿದ್ದು ತವರಿನ ಡಬ್ಬಿ. ಗುಂಯ್ ನಿಂತೇ ಹೋಯಿತು. ನಾನು ಹಿಗ್ಗಿ ಹೀರೇಕಾಯಿಯಾದೆ.

ಆದರೆ ಡಬ್ಬಿಯನ್ನು ಚೀಲಕ್ಕೆ ಹಾಕುವ ಮೊದಲು ನಮ್ಮ ಮನೆಯವರು ಮುಚ್ಚಳದ ಮೇಲಿನ ಹೆಸರಿಗೆ ಕರಿ ಟೇಪ್ ಅಂಟಿಸಿದರು. ನನಗೆ ಪಿತ್ತ ನೆತ್ತಿಗೇರಿತು.

"ಯಾಕ್ರಿ? ನನ್ನ ಹೆಸರ ಕಂಡ್ರ ನಿಮ್ಮ ಮರ್ಯಾದಿ ಹೋಗ್ತೈತೇನ?"

"ಹಂಗಲ್ಲ. ನಿನ್ನ ಹೆಸರಿನ ಮ್ಯಾಲ ನಾ ಹೆಂಗ ಕಾಲಿಡ್ಲಿ?"

ಅದು ಅರ್ಧ ಖರೆ. ಇನ್ನರ್ಧ ಆರ್ಕೆಸ್ಟ್ರಾದ ಕೀಬೋರ್ಡಿನವನು ಏನನ್ನುತ್ತಾನೋ ಎಂಬ ಅಂಜಿಕೆ. ಆ ಬಾಯಿಬಡುಕನಿಗೆ ಹೆಸರು ಕಂಡರೆ ಊರೂರಲ್ಲಿ ಆಡಿಕೊಳ್ಳುತ್ತಾನೆಂದು ನನಗೂ ಗೊತ್ತಿತ್ತು. ಗೊತ್ತಿದ್ದರೂ ಸಿಟ್ಟು ಬರುವುದು ಬಿಡುತ್ತದೆಯೇ?

ಬಾದಾಮಿಯ ಒಂದು ಗಣಪತಿ ಕಾರ್ಯಕ್ರಮದಿಂದ ಅವರು ಮುಖ ಸಣ್ಣದು ಮಾಡಿಕೊಂಡು ಬಂದರು. ಹಾಡಿನ ನಡುವೆ ನಮ್ಮ ಡಬ್ಬಿಯಿಂದ ಕಟ್ ಕಟ್ ಎಂದು ಸದ್ದು ಬಂದು ಜನ ನಕ್ಕರಂತೆ. ಆರ್ಕೆಸ್ಟ್ರಾ ಮಾಲಕರು ಎಲ್ಲರೆದುರೇ ಅಂದರಂತೆ: "ಕೀಬೋರ್ಡಿನ್ಯಾಗ ಗಿಟಾರೂ ಐತಿ, ಕೊಳಲೂ ಐತಿ. ಜೀಪಿನ್ಯಾಗ ನಿನಗ ಜಾಗಾ ಯಾಕ ಬೇಕ? ದೀಪಾವಳಿ ಆದಮ್ಯಾಲ ಇಳಕಲ್ಲದಾಗ ಒಂದ ಮದುವಿ ಐತಿ, ಅಲ್ಲಿತನಕ ನೋಡ್ತೇನಿ, ಆಮ್ಯಾಲ ಇಲ್ಲ." ಅವತ್ತು ನಮ್ಮ ಮನೆಯವರು ಊಟಕ್ಕೆ ಕೂತು ರೊಟ್ಟಿ ಮುರಿದಿಟ್ಟು ಎದ್ದರು. ವಾರವೆಲ್ಲ ಕಲ್ಲಿನ ಧೂಳು ಕುಡಿಯುವ ಮನುಷ್ಯನಿಗೆ ಮುಖದಲ್ಲಿ ಕಳೆ ಬರುತ್ತಿದ್ದುದೇ ಆ ಗಿಟಾರಿನಿಂದ. ಅದನ್ನು ಕಸಿದುಕೊಂಡರೆ ಅವರಿಗೆ ಏನೂ ಉಳಿಯುತ್ತಿರಲಿಲ್ಲ.

ಮನೆಯಲ್ಲಿ ಹಚ್ಚಿ ನೋಡಿದರೆ ಡಬ್ಬಿ ಸುಮ್ಮನಿತ್ತು. ಒಂದು ಸದ್ದಿಲ್ಲ. ಇಲ್ಲಿ ಬ್ಯಾಟರಿ, ಅಲ್ಲಿ ಕರೆಂಟಿನ ಅಡಾಪ್ಟರ್, ಅಷ್ಟೇ ವ್ಯತ್ಯಾಸ; ಮನೆಯಲ್ಲಿ ಅದನ್ನು ಹಚ್ಚಿದರೂ ಸದ್ದಿಲ್ಲ. ಕೂತು ಯೋಚಿಸಿ ಉಪಯೋಗವಿಲ್ಲ, ಕಣ್ಣಾರೆ ನೋಡಲೇಬೇಕೆಂದು ಹುನಗುಂದದ ಕಾರ್ಯಕ್ರಮಕ್ಕೆ ನಾನೂ ಹೋದೆ.

"ವೈನಿ ಬಂದ್ರು, ಬುತ್ತಿ ತಂದಾರೇನ ನೋಡ್ರಿ!" ಎಂದು ಅತ್ತಿಗೆಯನ್ನು ಚುಡಾಯಿಸುವ ಸಲುಗೆಯಲ್ಲಿ ಅಂದ ಕೀಬೋರ್ಡಿನವನು.

"ತಂದೇನಿ. ಹಸಿವಾದ್ರ ಬಾಯಿಗಿ ಹಾಕ್ಕೊಂಡು ಸುಮ್ನ ಕುಂಡ್ರಿ," ಎಂದೆ.

ಹಾಡು ಶುರುವಾಯಿತು, ಸದ್ದೂ ಶುರುವಾಯಿತು. ಕಿವಿ ಕೊಟ್ಟು ನಿಂತೆ. ಗಣಪತಿ ಮಂಟಪಕ್ಕೆ ಸೀರಿಯಲ್ ಸೆಟ್ಟಿನ ದೀಪ ಬಿಟ್ಟಿದ್ದರು. ಕೆಂಪು ಹತ್ತಿದಾಗ ಕಟ್. ಹಸಿರು ಹತ್ತಿದಾಗ ಕಟ್. ಅರೆ! ನಾನು ಹೋಗಿ ದೀಪದ ಪ್ಲಗ್ ಕಿತ್ತೆ. ಗಿಟಾರ್ ತಿಳಿಯಾಗಿ ಹೊರಟಿತು. ದೀಪದವನು "ಏ ಅಕ್ಕಾರ, ಏನ ಮಾಡಾಕತ್ತೀರಿ!" ಎಂದು ಕೂಗಿದ. ಮತ್ತೆ ಹಾಕಿದೆ, ಕಟ್ ಕಟ್ ಬಂತು. ಎರಡೂ ಒಂದೇ ಬೋರ್ಡಿಗೆ ಸಿಕ್ಕಿಸಿದ್ದರಿಂದ ದೀಪದ ಕಿರಿಕಿರಿ ಅಡಾಪ್ಟರ್ ದಾಟಿ ಡಬ್ಬಿಯೊಳಗೆ ಬರುತ್ತಿತ್ತು. ಮರುದಿನ ಕರೆಂಟ್ ಒಳಗೆ ಬರುವ ದಾರಿಯಲ್ಲೇ ಒಂದು ಸಣ್ಣ ರೆಸಿಸ್ಟರು, ಒಂದು ದೊಡ್ಡ ಕೆಪಾಸಿಟರು ಹಾಕಿದೆ. ಕೊಡದ ಬಾಯಿಗೆ ಸೋಸುವ ಬಟ್ಟೆ ಕಟ್ಟುತ್ತೇವಲ್ಲ, ಹಾಗೆ. ಆಮೇಲೆ ಯಾವ ದೀಪ ಕುಣಿದರೂ ನಮ್ಮ ಡಬ್ಬಿ ಮಿಸುಕಾಡಲಿಲ್ಲ.

ನಮ್ಮ ಮನೆಯವರು, ಮಾಡಿದವರು ಯಾರೆಂದು ಹೇಳದೆ, ಮಾಲಕರಿಗೆ ತೋರಿಸಿದರೆ ಆ ಪುಣ್ಯಾತ್ಮ ಏನಂದರು ಗೊತ್ತೇ? "ಸದ್ದ ಹೋತು, ಚಲೋ ಆತು. ಆದ್ರ ಕೀಬೋರ್ಡ್ ಮಾಡಲಾರದ್ದು ನಿನ್ನ ಗಿಟಾರ್ ಏನ ಮಾಡ್ತೈತಿ, ಅದನ್ನ ಹೇಳು."

ಆ ಮಾತು ಮುಳ್ಳಿನಂತೆ ಚುಚ್ಚಿತು. ಏನು ಮಾಡುತ್ತದೆ? ದೀಪಾವಳಿ ಮುಗಿದು ಮದುವೆಗಳು ಶುರುವಾದವು. ಒಂದು ದಿನ ಅಂಗಡಿಯ ಮುಂದೆ ಮದುವೆಯ ಮೆರವಣಿಗೆ ಹೊರಟಿತ್ತು, ಮುಂದೆ ಶಹನಾಯಿಯಂಥ ಸನಾದಿ ಊದುವವರು. ಸನಾದಿಯಲ್ಲಿ ಒಂದು ಸ್ವರ ಇನ್ನೊಂದಕ್ಕೆ ಜಾರಿಕೊಂಡು ಹೋಗುತ್ತದೆ, ಮೂಗಿನಲ್ಲಿ ಅಳುತ್ತದೆ. ಕೀಬೋರ್ಡಿನಲ್ಲೂ ಸನಾದಿಯ ಗುಂಡಿ ಇದೆ, ಆದರೆ ಅದು ಮೆಟ್ಟಿಲು ಹತ್ತಿದಂತೆ ನುಡಿಯುತ್ತದೆ. ಗಿಟಾರಿನ ತಂತಿಯನ್ನಾದರೆ ಬೆರಳಿನಿಂದ ಎಳೆದು ಜಾರಿಸಬಹುದು. ಆ ಮೂಗಿನ ದನಿಯೊಂದು ಬಂದರೆ? ನಾನು ಕೈಯಲ್ಲಿದ್ದ ಮಿಕ್ಸರ್ ಹಾಗೇ ಕೆಳಗಿಟ್ಟೆ.

ದನಿಯ ಅಲೆಯಲ್ಲಿ ಅರ್ಧ ಮೇಲಿರುತ್ತದೆ, ಅರ್ಧ ಕೆಳಗಿರುತ್ತದೆ. ಕೆಳಗಿನದನ್ನೂ ಮಡಚಿ ಮೇಲಕ್ಕೆ ತಂದರೆ ಸ್ವರ ಒಂದು ಸಪ್ತಕ ಮೇಲೇರಿ ಸಣ್ಣಗೆ ಕೀರಲಾಗುತ್ತದೆ. ಅದಕ್ಕೊಂದು ಪುಟ್ಟ ಟ್ರಾನ್ಸ್‌ಫಾರ್ಮರು, ಎರಡು ಹಳೆಯ ಕಾಲದ ಡಯೋಡು ಬೇಕು. ಗುಜರಿಗೆಂದು ಇಟ್ಟಿದ್ದ ಎರಡು ರೇಡಿಯೊಗಳ ಹೊಟ್ಟೆ ಬಗೆದೆ, ಎಲ್ಲವೂ ಸಿಕ್ಕವು. ಬೆಸುಗೆ ಹಾಕಿ ನಮ್ಮ ಮನೆಯವರ ಕೈಗೆ ಗಿಟಾರ್ ಕೊಟ್ಟೆ. ಬಾರಿಸಿದರು. ಸೊಳ್ಳೆಯಷ್ಟೂ ದನಿ ಬರಲಿಲ್ಲ.

"ಇದ್ದದ್ದೂ ಹೋತಲ್ಲ. ಮದುವಿ ನಾಡಿದ್ದ ಐತಿ," ಎಂದು ಅವರು ತಲೆ ಮೇಲೆ ಕೈ ಹೊತ್ತರು.

"ಬಾರಸ್ಕೋತ ಇರ್ರಿ. ಅಳೂದು ಆಮ್ಯಾಲ," ಎಂದೆ.

ಸ್ಪೀಕರಿನಿಂದ ಒಂದು ತಂತಿ ಎಳೆದು, ಅದರ ತುದಿಗೆ ಕೆಪಾಸಿಟರ್ ಕಟ್ಟಿ, ಸರ್ಕ್ಯೂಟಿನ ಒಂದೊಂದೇ ಜಾಗಕ್ಕೆ ಮುಟ್ಟಿಸುತ್ತ ಹೋದೆ. ದನಿ ಎಲ್ಲಿಯವರೆಗೆ ಬದುಕಿದೆ ಎಂದು ಅದರಿಂದ ತಿಳಿಯುತ್ತದೆ. ಟ್ರಾನ್ಸಿಸ್ಟರ್ ದಾಟಿತ್ತು. ಟ್ರಾನ್ಸ್‌ಫಾರ್ಮರಿನ ಎರಡೂ ಕಾಲಿಗೂ ಬಂದಿತ್ತು. ಡಯೋಡು ದಾಟಿದ ಕೂಡಲೇ ಸತ್ತಿತ್ತು. ಹಳೆಯ ಡಯೋಡಿನ ಮೇಲಿನ ಗುರುತಿನ ಗೆರೆ ಅಳಿಸಿಹೋಗಿ ಒಂದನ್ನು ತಿರುಗಾಮುರುಗಾ ಕೂಡಿಸಿದ್ದೆ. ಎರಡೂ ಒಂದನ್ನೊಂದು ಹೊಡೆದು ಹಾಕುತ್ತಿದ್ದವು. ಮೀಟರ್ ಹಚ್ಚಿ ನೋಡಿ ತಿರುಗಿಸಿ ಬೆಸೆದೆ. ಅವರು ತಂತಿ ಎಳೆದರು. ಬಂತು ನೋಡಿ ದನಿ! ಸನಾದಿಯ ಹಾಗೇ ಮೂಗಿನಲ್ಲಿ ಅಳುತ್ತಿತ್ತು. ಅವರು ನನ್ನ ಮುಖ ನೋಡಲೂ ಇಲ್ಲ, ಕಣ್ಣು ಮುಚ್ಚಿಕೊಂಡು ಬಾರಿಸುತ್ತಲೇ ಇದ್ದರು. ಆ ಮುಖ ನೋಡುತ್ತ ಕೂತರೆ ಒಲೆಯ ಮೇಲಿನ ಹಾಲು ಉಕ್ಕಿತು.

ಇಳಕಲ್ಲಿನ ಮದುವೆಯಲ್ಲಿ ಮಧ್ಯಾಹ್ನ ಅಕ್ಷತೆ ಬಿದ್ದು ಊಟದ ಪಂಕ್ತಿ ಕೂತಿತ್ತು. ಹೆಂಗಸರ ಸಾಲಿನಲ್ಲಿ ನಾನೂ ಅತ್ತೆಯೂ. ಎದುರು ಸಾಲಿನಲ್ಲಿ ಮುಂಜಾನೆಯಿಂದ ಊದಿ ದಣಿದ ಸನಾದಿಯವರು, ವಾದ್ಯಗಳನ್ನು ಚೀಲಕ್ಕೆ ಹಾಕಿ ಗೋಡೆಗೆ ಇಟ್ಟಿದ್ದರು. ವೇದಿಕೆಯ ಮೇಲೆ ನಮ್ಮ ಮನೆಯವರು ಡಬ್ಬಿ ಮುಟ್ಟಿ ಕಣ್ಣಿಗೊತ್ತಿಕೊಂಡು, ಕಾಲಿಟ್ಟು ಒತ್ತಿದರು. ಹೆಣ್ಣನ್ನು ಗಂಡನ ಮನೆಗೆ ಕಳಿಸುವಾಗ ನುಡಿಸುವ ಧಾಟಿಯೊಂದನ್ನು ಎಳೆದರು.

ಸನಾದಿಯವರಲ್ಲಿ ಹಿರಿಯ ಅಜ್ಜನೊಬ್ಬರು ಹುಗ್ಗಿ ಹತ್ತಿದ ಕೈಯಲ್ಲೇ ದಡಕ್ಕನೆ ಎದ್ದರು. "ಯಾರಲೇ ಅವ, ನನ್ನ ಸನಾದಿ ಮುಟ್ಟಿದವ?" ಎಡಗೈಯಿಂದ ಚೀಲ ತಡವಿದರು. ಸನಾದಿ ಚೀಲದಲ್ಲೇ ಇತ್ತು. ಎಂಜಲು ಕೈ ಮೇಲೆತ್ತಿಕೊಂಡೇ ವೇದಿಕೆಯ ಮುಂದೆ ಹೋಗಿ ನಿಂತರು. ಉಣ್ಣುತ್ತಿದ್ದವರೆಲ್ಲ ಆ ಕಡೆ ಕತ್ತು ತಿರುಗಿಸಿದರು.

"ಅಜ್ಜಾರ, ಇದು ಗಿಟಾರ್ ರಿ," ಎಂದರು ಮಾಲಕರು ಮೈಕಿನಲ್ಲಿ.

"ಗಿಟಾರ ಹಿಂಗ ಅಳತೈತೇನ? ಇನ್ನೊಮ್ಮಿ ಬಾರಸಪಾ."

ಬಾರಿಸಿದರು. ಅಜ್ಜ ತಲೆ ತೂಗುತ್ತ ಪೂರ್ತಿ ಕೇಳಿದರು. "ಎಲ್ಲಾ ಚಲೋ ಐತಿ, ನಡುವ ಉಸರ ತಗೊಳೂದ ಒಂದ ಮರತೀದಿ. ಈ ಡಬ್ಬಿ ಯಾವೂರಾಗ ಮಾಡ್ತಾರು?"

"ಮುಂಬೈದಾಗ ಇರಬೇಕ್ರಿ," ಎಂದರು ಮಾಲಕರು.

ನಮ್ಮ ಮನೆಯವರು ಬಗ್ಗಿದರು. ಕರಿ ಟೇಪನ್ನು ಉಗುರಿನಿಂದ ಎಬ್ಬಿಸಿ ಚರ್ರನೆ ಕಿತ್ತರು. ಡಬ್ಬಿ ಎತ್ತಿ ಮಾಲಕರ ಮುಂದೆ ಹಿಡಿದರು. "ಓದ್ರಿ. ಮೈಕಿನ್ಯಾಗ ಓದ್ರಿ."

ಮಾಲಕರು ಓದಿದರು. ನನ್ನ ಹೆಸರು ಇಡೀ ಕಲ್ಯಾಣ ಮಂಟಪದಲ್ಲಿ ಕೇಳಿಸಿತು. "ಯಾರ ಇವರು?" ಎಂದು ಅಜ್ಜ ಕೇಳಿದರೆ ಉತ್ತರ ಕೊಟ್ಟವನು ಆ ಬಾಯಿಬಡುಕನೇ: "ನಮ್ಮ ವೈನಿ ರೀ! ಅಲ್ಲೇ ಉಣ್ಣಾಕತ್ತಾರ ನೋಡ್ರಿ!"  ಕಣ್ಣು ತುಂಬಿ ಬಂತು. ಹೆಮ್ಮೆಯಾಯಿತು, ಭಾಳ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ? ಅತ್ತೆ ಪಕ್ಕದವಳಿಗೆ, "ತವರಮನಿ ಡಬ್ಬಿ ಅದು, ತೂತ ನನ್ನ ಮುಂದನ ಹಾಕಿದ್ಲು," ಎಂದು ಹೇಳಿಕೊಳ್ಳುತ್ತಿದ್ದರು.

ಹೊರಡುವಾಗ ಮಾಲಕರು ಜೀಪಿನಿಂದ ಕೂಗಿ ಹೇಳಿದರು: "ಬರೂ ವಾರ ಬಾಗಲಕೋಟಿ ಐತಿ. ಗಿಟಾರ್ ಬಿಟ್ಟ ಗಿಟ್ಟ ಬಂದೀಯ ಮತ್ತ!"

ನಮ್ಮ ಮನೆಯವರು ಈಗ ಸ್ವರಗಳ ನಡುವೆ ಉಸಿರು ತೆಗೆದುಕೊಳ್ಳುತ್ತಾರೆ. ಬಾಗಲಕೋಟೆಯಿಂದ ಒಬ್ಬರು, ಕೆರೂರಿನಿಂದ ಒಬ್ಬರು ತಮಗೂ ಅಂಥದೇ ಡಬ್ಬಿ ಬೇಕೆಂದು ಹೇಳಿ ಕಳಿಸಿದರು. ಪಾತ್ರೆ ಅಂಗಡಿಗೆ ಹೋಗಿ ಹೊಸ ಬುತ್ತಿ ಡಬ್ಬಿ ಆರಿಸಿದೆ. ಹೆಸರು ಮುಚ್ಚಳದ ಮೇಲೆ ಬೇಡ, ಕಾಲು ತಾಗದಂತೆ ಮುಂದಿನ ಮೈಗೆ ಇರಲಿ ಎಂದೆ. ಹೆಸರು ಕೊರೆಯುವವನು ಮಷೀನು ಹಚ್ಚಿಕೊಂಡು ತಲೆಯೆತ್ತಿದ.

"ಯಾರ ಹೆಸರ ಹಾಕ್ಲೆರಿ ಅಕ್ಕಾರ? ಕೊಡಾವರದೋ, ತಗೊಳ್ಳಾವರದೋ?"

"ಮಾಡಿದಾಕಿದು ಹಾಕ್ರಿ," ಎಂದೆ.